ಬೇಡ ಎಂದವರು ಯಾರು

9 ಜೂನ್ 2023

ಈ ಊರಿನಲ್ಲಿ ಸಾವಿನ ಮನೆಗೂ ಮಂಡಕ್ಕಿ ಬರುತ್ತದೆ.

ಮುಬಶ್ಶಿರಾಳನ್ನು ಆಸ್ಪತ್ರೆಯಿಂದ ಆನೆಕೊಂಡದ ಮನೆಗೆ ಕರೆತಂದು ಮಲಗಿಸಿ, ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಪಡಸಾಲೆ ತುಂಬ ಜನ. ಯಾರೋ ಪುಣ್ಯಾತ್ಮರು ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದರು. ಒಳಗೆ ನನ್ನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಹೊರಗೆ ಇವರು ಹಳೇ ಪೇಪರು ಹರಡಿಕೊಂಡು, ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ, ನಡುನಡುವೆ ಈರುಳ್ಳಿ ಕೇಳುತ್ತಿದ್ದಾರೆ. ಆ ಪೇಪರಿನಲ್ಲಿ ಹೋದ ತಿಂಗಳು ನಾನು ಚರಂಡಿಯ ಬಗ್ಗೆ ಸಂಪಾದಕರಿಗೆ ಬರೆದ ಪತ್ರವಿತ್ತು. ಅದರ ಮೇಲೆ ಚಟ್ನಿ.

ಮುಮ್ತಾಜ್ ಚಿಕ್ಕಮ್ಮ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡಪ್ಪ ಹಿದಾಯತ್, ಹೆಣ್ಣೇ ತಾನೇ. ಮನ್ಯಾಗ ಒಂದು ಐತಲ್ಲ" ಎಂದರು. ಮನೆಯಲ್ಲಿರುವ ಆ 'ಒಂದು', ನನ್ನ ಎಂಟು ವರ್ಷದ ಮಗಳು ಹುಮಾ, ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

"ನೀವೂ ಹೆಣ್ಣೇ ಅಲ್ವಾ ಚಿಕ್ಕಮ್ಮ? ನಿಮ್ಮನ್ನೂ ಹೋಗ್ಲಿ ಅಂತ ಬಿಟ್ಟುಬಿಡೋಣಾ?" ಎಂದೆ.

"ಓದಿದ್ದು ಜಾಸ್ತಿ ಆತು ನಿಂಗೆ" ಎಂದು ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು. ತಟ್ಟೆ ಅಷ್ಟರಲ್ಲಿ ಖಾಲಿಯಾಗಿತ್ತು.

ಎಂಟನೇ ತಿಂಗಳು. ಬಿಪಿ ಏರಿ, ಮಾಸು ಒಳಗೇ ಕಳಚಿಕೊಂಡು, ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹುಟ್ಟಿದಾಗ ಮಗು ಅತ್ತಿಲ್ಲವಾದ್ದರಿಂದ ಶವದ ಮುಂದಿನ ಜನಾಜಾ ನಮಾಜ್ ಇಲ್ಲ, ಹೆಸರಿಟ್ಟು ಮಣ್ಣು ಮಾಡಿ ಎಂದರು ಮಸೀದಿಯವರು. ಹುಮಾ ಮೊದಲೇ ಆರಿಸಿಟ್ಟಿದ್ದ ಹೆಸರು ಶಹಜಾದಿ. ಅದನ್ನೇ ಹೇಳಿದೆ. ಹರಿಹರದಿಂದ ತಮ್ಮ ತಾರಿಕ್ ಬಂದು ಜೊತೆಗಿದ್ದ. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

11 ಜೂನ್

ಆಸ್ಪತ್ರೆಗಳಲ್ಲಿ ಒಂದು ಅಸಹ್ಯ ಪದ್ಧತಿ ಇದೆ. ಹೆಂಗಸಿನ ವಿಷಯವನ್ನು ಗಂಡಸನ್ನು ಕಾರಿಡಾರಿಗೆ ಕರೆದು ಹೇಳುತ್ತಾರೆ. ಅವಳಿಗೆ ಪ್ರಜ್ಞೆ ಇದೆ, ಕಿವಿ ಇದೆ, ಬುದ್ಧಿ ನನಗಿಂತ ಚೆನ್ನಾಗಿದೆ. ಆದರೂ ಡಾಕ್ಟರಮ್ಮ ಬಾಗಿಲು ಎಳೆದುಕೊಂಡು ಹೊರಗೆ ಬಂದು ನನ್ನೊಂದಿಗೇ ಮಾತನಾಡಿದರು.

"ನಿಮ್ಮ ಮಿಸೆಸ್ ಉಳಿದಿದ್ದೇ ದೊಡ್ಡದು. ಇನ್ನೊಂದು ಮಗು ಬೇಕು ಅಂದ್ರೆ ಒಂದು ವರ್ಷ ಕಳೀಲಿ. ಮೊದಲಿಂದಾನೇ ಬಿಪಿ ನೋಡ್ಕೊಂಡು, ಮಾತ್ರೆ ಕೊಟ್ಟು, ಹುಷಾರಾಗಿ ಮಾಡಬಹುದು. ಮತ್ತೆ ಹಿಂಗೇ ಆಗಲ್ಲ ಅಂತ ಗ್ಯಾರಂಟಿ ಕೊಡಲ್ಲ. ಆದ್ರೆ ಬೇಡ ಅಂತಾನೂ ಹೇಳಲ್ಲ."

ಅವರು ಹೇಳುತ್ತಿದ್ದಾಗ ಅವರ ಹಿಂದಿನಿಂದ ಆಯಾ ಒಂದು ಬಕೆಟ್ಟು ಹಿಡಿದು ಹೋದಳು. ಅದರ ಮೇಲೆ ಬಟ್ಟೆ ಮುಚ್ಚುವಷ್ಟು ಸೌಜನ್ಯವೂ ಯಾರಿಗೂ ಇರಲಿಲ್ಲ. ಒಬ್ಬ ಹೆಂಗಸಿನ ಮೈಯಲ್ಲಿ ಅಷ್ಟು ರಕ್ತ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇವತ್ತು ಮುಬಶ್ಶಿರಾ ಮೊದಲ ಬಾರಿಗೆ ಕೇಳಿದಳು. "ಡಾಕ್ಟರ್ ಏನಂದ್ರು? ಮುಂದಿಂದು?"

"ಬೇಡ ಅಂದ್ರು. ಇನ್ನೊಂದು ಅಂದ್ರೆ ಜೀವಕ್ಕೇ ಅಪಾಯ ಅಂದ್ರು."

ಅವಳು ಫ್ಯಾನು ನೋಡುತ್ತ, "ಹಂಗಂದ್ರಾ" ಎಂದಳು.

ಹೌದು, ಸುಳ್ಳು. ಈ ಊರಿನಲ್ಲಿ ನಳದ ನೀರಿನಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಎಲ್ಲವೂ ಸುಳ್ಳು, ಎಲ್ಲವೂ ಹೇಳುವವರ ಅನುಕೂಲಕ್ಕೆ. ನಾನು ಹೇಳಿದ್ದು ಕೇಳುವವಳ ಅನುಕೂಲಕ್ಕೆ. ವ್ಯತ್ಯಾಸವಿದೆ. ಬಕೆಟ್ಟು ನೋಡಿದವನು ನಾನು.

3 ಜುಲೈ

ಬಕ್ರೀದ್‌ಗೆ ಅಮ್ಮೀ ಹರಿಹರದಿಂದ ಬಂದವರು ಇನ್ನೂ ಇದ್ದಾರೆ. ಅವರ ಹೆಸರು ಸುಗ್ರಾಬಿ. ಸಲಹೆ ಕೊಡುವುದರಲ್ಲಿ ತಾಲೂಕಿಗೇ ಮೊದಲಿಗರು. ಪಕ್ಕದ ಮನೆಯ ಅಂಜಿನವ್ವ ಅವರಿಗೆ ಜೊತೆ. ಇಬ್ಬರೂ ಕಟ್ಟೆಯ ಮೇಲೆ ಕೂತರೆ ನನ್ನ ಹೆಂಡತಿಯ ಗರ್ಭಾಶಯ ಬೀದಿಯ ಆಸ್ತಿ.

"ಒಂದ್ಸಾರಿ ಉಕ್ಕಡಗಾತ್ರಿ ಅಜ್ಜಯ್ಯನ ತಾವ ಹೋಗಿ ಬರ್ರಿ. ಅಜ್ಜಯ್ಯ ಜಾತಿ ಗೀತಿ ಕೇಳಾದಿಲ್ಲ" ಎಂದಳು ಅಂಜಿನವ್ವ.

ಗಾಳಿ ಬಿಡಿಸುವ ಅಜ್ಜಯ್ಯನ ಬಗ್ಗೆ ನನಗೆ ಗೌರವವಿದೆ. ಹುಡುಗನಾಗಿದ್ದಾಗ ಅಲ್ಲಿಯ ಹೊಳೆಯಲ್ಲಿ ಈಜಿದ್ದೇನೆ. ನನ್ನ ತಕರಾರು ಅಂಜಿನವ್ವನ ಮೇಲೆ. ಮಗು ಕಳೆದುಕೊಂಡವಳು ಸುಮ್ಮನೆ ಕೂತರೆ ಅದು ಗಾಳಿ ಸೋಕಿದ್ದು ಎಂದು ತೀರ್ಮಾನಿಸುವ ಜನ ಇವರು. ಅಳುವುದಕ್ಕೂ ಒಂದು ದೆವ್ವ ಬೇಕು.

ಆದರೆ ಅಮ್ಮೀ ಹೇಳಿದ್ದು ಅದಕ್ಕಿಂತ ಹೊಲಸು. "ಮುಂದಿಂದೂ ಹೆಣ್ಣಾದ್ರೆ ಶಹಜಾದಿ ಅಂತಾನೇ ಇಡ್ರಿ. ಒಳ್ಳೆ ಹೆಸರು. ಸುಮ್ನೆ ವೇಸ್ಟ್ ಆಗಬಾರ್ದು."

ವೇಸ್ಟ್! ಉಳಿದ ಅನ್ನದ ಬಗ್ಗೆ ಮಾತನಾಡುವ ಧ್ವನಿ. ಮುಂದಿಂದು ಎಂಬುದೇ ಇಲ್ಲ, ಡಾಕ್ಟರ್ ಬೇಡ ಎಂದಿದ್ದಾರೆ ಎಂದೆ. ಅಮ್ಮೀ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಡಾಕ್ಟರು ಹೇಳ್ತಾರೆ" ಎಂದರು, ಹವಾಮಾನ ವರದಿಯ ಬಗ್ಗೆ ಹೇಳುವಂತೆ.

ಮುಬಶ್ಶಿರಾ ಒಳಗೆ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ದಾರ ಪೋಣಿಸಿಕೊಂಡಿದ್ದಳು, ಪೆಡಲು ತುಳಿಯುತ್ತಿರಲಿಲ್ಲ.

22 ಆಗಸ್ಟ್

ಇವತ್ತಿನದನ್ನು ವಿವರವಾಗಿ ಬರೆಯುತ್ತೇನೆ. ಇಂಥದ್ದನ್ನು ಮರೆಯುವುದು ಅಪರಾಧ.

ಹಿಂದಿನ ಬೀದಿಯ ಭುವನೇಶ್ವರಿ ಬಸುರಿ. ಅವಳ ಕುಬುಸದ ಶಾಸ್ತ್ರಕ್ಕೆ ತೊಡಿಸುವ ಹಸಿರು ರವಿಕೆಯನ್ನು ಹೊಲಿಯಲು ಬಟ್ಟೆ ತಂದು ಕೊಟ್ಟವಳು ಅವಳೇ. ಹೋದ ವಾರ. ಮುಬಶ್ಶಿರಾ ಎರಡು ತಿಂಗಳ ನಂತರ ಹಿಡಿದ ಮೊದಲ ಕೆಲಸ. ಇವತ್ತು ನಾನು ಊಟಕ್ಕೆ ನನ್ನ ಪ್ರಿಂಟಿಂಗ್ ಪ್ರೆಸ್‌ನಿಂದ ಬಂದಾಗ ಭುವನೇಶ್ವರಿಯ ಅತ್ತೆ ರಂಗವ್ವ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಹೊಸ್ತಿಲು ತುಳಿಯಲೂ ಹೆದರಿಕೆ ಎಂದು ಆಮೇಲೆ ತಿಳಿಯಿತು.

"ತಪ್ಪು ತಿಳ್ಕಬ್ಯಾಡವ್ವ ಮುಬಶ್ಶಿರಾ. ನಿನ್ನ ಕೈಗುಣದ ಮಾತಲ್ಲ. ನಮ್ಮ ಮಲೆಬೆನ್ನೂರು ಕಡೇರು ಬಾಳ ಮಾತಾಡ್ತಾರೆ. ಮೊನ್ನೆ ಮೊನ್ನೆ ನಿಂಗೆ ಹಂಗಾಗೈತೆ. ಬಸುರಿ ಬಟ್ಟೆ ನೋಡು, ಅದಕ್ಕ..."

ಮುಬಶ್ಶಿರಾ ಎದ್ದಳು. ಬಟ್ಟೆ ಮಡಿಸಿದಳು. "ಒಂದು ತೋಳು ಕತ್ತರಿಸೀನಿ ರಂಗವ್ವ. ಅದನ್ನೂ ಒಯ್ಯಿರಿ. ಬ್ಯಾರೆಯವರು ಅದಕ್ಕೇ ಹೊಂದಿಸಿ ಹೊಲೀತಾರೆ."

ಕತ್ತರಿಸಿದ ತೋಳನ್ನು ರಂಗವ್ವ ಎರಡು ಬೆರಳಲ್ಲಿ ಹಿಡಿದುಕೊಂಡರು.

ಇದೇ ರಂಗವ್ವ! ಮಗ ಸಿದ್ದು ಕಾಲೇಜಿನಲ್ಲಿ ಹೊಡೆದಾಡಿ ಸ್ಟೇಷನ್ನಿಗೆ ಹೋದಾಗ, ಬೆಳಗಿನವರೆಗೆ ನಮ್ಮ ಪಡಸಾಲೆಯಲ್ಲಿ ಕೂತು ಮುಬಶ್ಶಿರಾಳ ಕೈಯಿಂದ ಚಹಾ ಕುಡಿದವರು. ಅದೇ ಸಿದ್ದುವಿನ ಲಗ್ನಪತ್ರಿಕೆಯಲ್ಲಿ ಅವರು ತಪ್ಪು ಬರೆದುಕೊಟ್ಟಿದ್ದ ಮುಹೂರ್ತವನ್ನು ಅಚ್ಚಿಗೆ ಹೋಗುವ ಮುನ್ನ ತಿದ್ದಿದವನು ನಾನು. ಆಗ ಯಾರ ಕೈಗುಣವನ್ನೂ ಯಾರೂ ವಿಚಾರಿಸಲಿಲ್ಲ. ಮಂಗಳಯಾನದ ದೇಶವಂತೆ. ಥೂ.

ಸಂಪಾದಕರಿಗೆ ಪತ್ರ ಬರೆಯಲು ಕೂತೆ. ಶೀರ್ಷಿಕೆ: 'ಹೊಲಿಗೆಗೂ ಮೈಲಿಗೆಯೇ?'

23 ಆಗಸ್ಟ್

ಪತ್ರ ಹೋಗಲಿಲ್ಲ.

ಮುಬಶ್ಶಿರಾ ಓದಿಸಿ ಕೇಳಿದಳು. ಚೆನ್ನಾಗಿದೆ ಎಂದಳು. ಆಮೇಲೆ, "ಕಳಿಸಬ್ಯಾಡ್ರಿ" ಎಂದಳು.

"ಯಾಕೆ? ಅವರು ಮಾಡಿದ್ದು ಸರಿಯಾ?"

"ಅವರು ಹೆದರಿ ಬಟ್ಟೆ ಒಯ್ದ್ರು. ನೀವು ಹೆದರಿ ಚಾಪೆ ಒಯ್ದೀರಿ."

ಜೂನಿನಿಂದ ನಾನು ಪಡಸಾಲೆಯಲ್ಲಿ ಮಲಗುತ್ತಿದ್ದೇನೆ ಎಂಬುದನ್ನು ಹೀಗೆ ಹೇಳಿದಳು. ಈ ಹೋಲಿಕೆ ಅನ್ಯಾಯದ್ದು. ಒಳಗೆ ಸೆಕೆ ಎಂದು ಹೇಳಿಯೇ ಹೊರಗೆ ಬಂದವನು ನಾನು. ಆಗಸ್ಟಿನಲ್ಲಿ ಎಂಥ ಸೆಕೆ ಎಂದು ಕೇಳಿದಳು. ತೇವಾಂಶ ಎಂದೆ.

ರಂಗವ್ವನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದ್ದು ನೆನೆಸಿಕೊಂಡಷ್ಟೂ ಅಸಹ್ಯವಾಗುತ್ತಿದೆ.

5 ಸೆಪ್ಟೆಂಬರ್

ಮುಬಶ್ಶಿರಾ ಅಂಜಿನವ್ವನ ಜೊತೆ ಪೇಟೆಗೆ ಹೋಗಿದ್ದಳು. ದಾರ, ಗುಂಡಿ ತರಬೇಕಿತ್ತಂತೆ. ಬಂದವಳು ಎರಡು ರೊಟ್ಟಿ ಉಂಡು, ಇನ್ನೊಂದು ಹಾಕಿಕೊಂಡಳು. ಹುಮಾಳ ಜಡೆ ಬಿಚ್ಚಿ ಹೊಸದಾಗಿ ಹಾಕಿದಳು. ಪೇಟೆಯ ಧೂಳು ಒಬ್ಬೊಬ್ಬರಿಗೆ ಒಗ್ಗುತ್ತದೆಯೋ ಏನೋ. ನನಗೆ ಮಾತ್ರ ಕೆಮ್ಮು.

15 ಅಕ್ಟೋಬರ್

ಅಮ್ಮೀಗೆ ಹುಷಾರಿಲ್ಲ ಎಂದು ತಾರಿಕ್ ಫೋನು ಮಾಡಿದ. ಹರಿಹರಕ್ಕೆ ಹೋದೆ. ಹುಷಾರಿಲ್ಲದವರು ಹಿತ್ತಲಲ್ಲಿ ಕೂತು ಮೀನು ಹೆರೆಯುತ್ತಿದ್ದರು. ಹೊಳೆಯ ದಂಡೆಗೆ ಅಷ್ಟು ಹತ್ತಿರದ ಮನೆ, ಗಾಳಿಗೆ ಬರುವುದು ಮಾತ್ರ ಕೊಳೆತ ಹೂವಿನ, ಪ್ಲಾಸ್ಟಿಕ್ ತಟ್ಟೆಯ ವಾಸನೆ. ಈ ಹೊಳೆಯ ನೀರನ್ನು ಬೊಗಸೆಯಲ್ಲಿ ಕುಡಿದ ನೆನಪು ನನಗಿದೆ. ಈಗ ಕಾಲಿಡಲೂ ಮನಸ್ಸಾಗದು.

ಅಮ್ಮೀ ಮತ್ತೆ ಅದೇ ಎತ್ತಿದರು. ಶಹಜಾದಿ. ಒಳ್ಳೆ ಹೆಸರು. ಇಡ್ರಿ.

"ಅಮ್ಮೀ, ಅದು ಸತ್ತ ಮಗುವಿನ ಹೆಸರು. ಇನ್ನೊಂದಕ್ಕೆ ಇಡೋದು ಅಂದ್ರೆ ಅಸಹ್ಯ."

"ಏನು ಅಸಹ್ಯ? ನಿಂಗೇನು ಕಮ್ಮಿ ಆಗೈತೆ?"

"ನಂಗಾ?"

"ಮತ್ತೆ ಯಾರಿಗೆ? ನಿನಗಿಂತ ಮೊದಲು ಒಬ್ಬ ಇದ್ದ. ಅವನೂ ಅಳಲಿಲ್ಲ. ಅವನೂ ಹಿದಾಯತೇ."

ಅಮ್ಮೀ ಮೀನಿನ ಹೊಟ್ಟೆ ಸೀಳಿ ಕರುಳು ಎಳೆದು ಹಾಕಿದರು. ತಾರಿಕ್ ಚಹಾದ ಲೋಟ ಹಿಡಿದು ಹಾಗೇ ನಿಂತ. ಅವನಿಗೂ ಗೊತ್ತಿರಲಿಲ್ಲ.

"ಇಷ್ಟು ವರ್ಷ ಹೇಳಲಿಲ್ಲ ಯಾಕೆ?"

"ಕೇಳಲಿಲ್ಲ ನೀನು."

"ಎಲ್ಲಿ ಮಣ್ಣು ಮಾಡಿದ್ರಿ?"

"ನಿಮ್ಮ ಅಬ್ಬಾಗೆ ಗೊತ್ತಿತ್ತು. ನಂಗೆ ಯಾರು ಹೇಳಿದ್ರು?"

"ಅದೇ ಹೆಸರು ಇಡೋಕೆ ಮನಸ್ಸಾದ್ರೂ ಹೆಂಗೆ ಬಂತು?"

ಅಮ್ಮೀ ಆ ಪ್ರಶ್ನೆಯನ್ನು ಮೀನಿನ ತೂಕ ನೋಡುವಂತೆ ನೋಡಿದರು. "ನಿನ್ನ ಕರೆದಾಗೆಲ್ಲ ಅವನ್ನೂ ಕರೆದಂಗ ಆಗ್ತಿತ್ತು. ಓಡಿ ಬರೋನು ನೀನೊಬ್ಬನೇ, ಅಷ್ಟೇ."

ಇನ್ನೊಂದು ಮೀನು ಎತ್ತಿಕೊಂಡು ತಾವಾಗಿಯೇ, "ನಿನ್ನ ಹೊತ್ತಾಗ ಎಲ್ಲಾರೂ ಬ್ಯಾಡ ಅಂದ್ರು. ನಿಮ್ಮ ಅಬ್ಬಾನೂ ಬ್ಯಾಡ ಅಂದ. ಮತ್ತೆ ಹಂಗಾದ್ರೆ ನೀನೂ ಹೋಗ್ತೀಯ ಅಂದ. ನಂಗೆ ಬೇಕಾಗಿತ್ತು" ಎಂದರು. "ಆ ಬೂದಿ ಕೊಡು ಇಲ್ಲಿ. ಕೈ ಜಾರ್ತೈತೆ."

ವಾಪಸ್ಸು ಬರುವಾಗ ಗಾಡಿ ಓಡಿಸುತ್ತ ಲೆಕ್ಕ ಹಾಕಿದೆ. ನಾನು ಹಾಕಿದ ಪ್ರತಿ ಸಹಿ, ಸಂಪಾದಕರಿಗೆ ಬರೆದ ಪ್ರತಿ ಪತ್ರದ ಕೆಳಗಿನ ಹೆಸರು, ಪ್ರೆಸ್ಸಿನ ಬೋರ್ಡು, ಎಲ್ಲವೂ ಬೇರೊಬ್ಬನದು. ಇಬ್ಬರ ಪಾಲಿನ ಬೈಗುಳವನ್ನು ನಾನೊಬ್ಬನೇ ತಿಂದಿದ್ದೇನೆ. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ಕೇಳಿಲ್ಲ.

ಅಬ್ಬಾ ಬೇಡ ಎಂದಿದ್ದರಂತೆ. ವಿವೇಕಿ ಮನುಷ್ಯ.

16 ಅಕ್ಟೋಬರ್

ಮುಬಶ್ಶಿರಾಳಿಗೆ ಹೇಳಿದೆ. ಮೇ ತಿಂಗಳ ನಂತರ ಅವಳು ನಕ್ಕಿದ್ದು ಇವತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಅಂದ್ರೆ ನಾನು ಲಗ್ನ ಆಗಿದ್ದು ಎರಡನೇ ಹಿದಾಯತ್‌ನ?" ಎಂದಳು.

ಇದರಲ್ಲಿ ನಗುವಂಥದ್ದು ಏನಿದೆಯೋ ತಿಳಿಯದು. ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ.

19 ಡಿಸೆಂಬರ್

ರಂಗವ್ವನ ಮಗ ಸಿದ್ದು ಪ್ರೆಸ್ಸಿಗೆ ಬಂದ. ಭುವನೇಶ್ವರಿಗೆ ಗಂಡು ಮಗು. ಹೆಸರಿಡುವ ಕಾರ್ಡು ಬೇಕಂತೆ. ಬೇರೆ ಪ್ರೆಸ್ಸುಗಳು ಊರು ತುಂಬ ಇವೆ ಎಂದು ಬಾಯಿಗೆ ಬಂದಿತ್ತು.

"ಅವ್ವ ಮಾಡಿದ್ದು ತಪ್ಪಾತು ಅಣ್ಣ" ಎಂದ, ಕಾರ್ಡಿನ ನಮೂನೆ ನೋಡುತ್ತ. "ಭುವನಿಗೆ ಇನ್ನೂ ಸಿಟ್ಟೈತೆ. ಅವ್ವ ತಂದ ರವಿಕೇನೂ ಅವಳು ಹಾಕ್ಕಳಲಿಲ್ಲ."

"ನಿಮ್ಮ ಅವ್ವ ಕಾರ್ಡು ಮುಟ್ಟಬಹುದಾ? ನನ್ನ ಮನೆಯ ಗಾಳಿ ಸೋಕಿರುತ್ತೆ" ಎಂದೆ. ಅವನು ತಲೆ ತಗ್ಗಿಸಿದ.

ಒಂದೂ ತಪ್ಪಿಲ್ಲದೆ ಅಚ್ಚು ಹಾಕಿದೆ. ಅದಕ್ಕಿಂತ ದೊಡ್ಡ ಸೇಡು ನನಗೆ ತೋಚಲಿಲ್ಲ. ಮನೆಗೆ ಒಂದು ಪ್ರತಿ ತಂದಿದ್ದೆ. ಮುಬಶ್ಶಿರಾ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಮಗುವಿನ ತೂಕ ಎಷ್ಟಂತೆ ಎಂದು ಕೇಳಿದಳು. ಕಾರ್ಡಿನಲ್ಲಿ ತೂಕ ಹಾಕುವುದಿಲ್ಲ ಎಂದೆ.

12 ಏಪ್ರಿಲ್ 2024

ನಿನ್ನೆ ಹಬ್ಬ. ಈದ್ ಮುಬಾರಕ್ ಹೇಳಲು ಬಂದ ಒಬ್ಬೊಬ್ಬರೂ ಶಾವಿಗೆ ಪಾಯಸದ ಬಟ್ಟಲು ಕೈಗೆ ತೆಗೆದುಕೊಂಡು ನನ್ನ ಹೆಂಡತಿಯ ಹೊಟ್ಟೆ ನೋಡಿದರು. "ಮುಂದಿನ ಈದ್‌ಗೆ ತೊಟ್ಟಿಲು ಕಾಣ್ಲಿ." ನಾನು ಎಲ್ಲರಿಗೂ, "ಡಾಕ್ಟರ್ ಬೇಡ ಅಂದಿದ್ದಾರೆ" ಎಂದೆ. ಈಗ ಅದು ನಾಲಿಗೆಯ ಮೇಲೆ ನುಣ್ಣಗೆ ಹೊರಳುತ್ತದೆ.

ಇವತ್ತು ಮಧ್ಯಾಹ್ನ ಮುಬಶ್ಶಿರಾ ಹಬ್ಬದ ಪಾತ್ರೆ ತಿಕ್ಕುತ್ತ, "ಎಷ್ಟು ಚೆಂದ ಹೇಳ್ತೀರಿ ಅದನ್ನ" ಎಂದಳು.

"ಏನನ್ನ?"

"ಡಾಕ್ಟರ್ ಬ್ಯಾಡ ಅಂದ್ರು ಅನ್ನೋದನ್ನ. ಬ್ಯಾಡ ಅಂದೋರು ಯಾರು?"

ಅವಳು ಪಾತ್ರೆ ಬೋರಲು ಹಾಕಿದಳು.

"ನಾನು ಹೋಗಿದ್ದೆ. ಅಂಜಿನವ್ವನ್ನ ಕರ್ಕಂಡು. ರಂಗವ್ವ ಬಟ್ಟೆ ಒಯ್ದ ಮ್ಯಾಲೆ."

"ದಾರ, ಗುಂಡಿ ಅಂದೆ..."

"ದಾರಾನೂ ತಂದೆ."

"ಇಷ್ಟು ತಿಂಗಳು ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವು ಹೇಳ್ತೀರೇನೋ ಅಂತ ಕಾದೆ. ಊರಿನವರ ಸುಳ್ಳನ್ನೆಲ್ಲ ಪೇಪರಿಗೆ ಬರೀತೀರಲ್ಲ."

ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಉತ್ತರ ಸಿಗುತ್ತಿತ್ತು. ಕೈ ಒರೆಸಿಕೊಂಡು ಎದುರಿಗೆ ಕೂತಳು. "ನಿಮಗೆ ಬ್ಯಾಡ ಅಂದ್ರೆ ನಂಗೆ ಬ್ಯಾಡ ಅನ್ರಿ. ಜಗಳ ಆಡ್ತೀನಿ, ಅಳ್ತೀನಿ, ಆಮೇಲೆ ನೋಡಾಣ. ಡಾಕ್ಟರ್ ಬಾಯಾಗ ಯಾಕ ಇಡ್ತೀರಿ? ಡಾಕ್ಟರ್ ಜೊತೆ ನಾನು ಹೆಂಗೆ ಜಗಳ ಆಡ್ಲಿ?"

13 ಏಪ್ರಿಲ್

ಬೆಳಿಗ್ಗೆ ಎದ್ದವನಿಗೆ ಮೊದಲು ಬಂದದ್ದು ಡಾಕ್ಟರಮ್ಮನ ಮೇಲಿನ ಸಿಟ್ಟು. ಗಂಡನಿಗೆ ಒಂದು ಮಾತು ತಿಳಿಸದೆ, ಹೆಂಡತಿಯನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಡುವುದು ಎಂಥ ಪದ್ಧತಿ? ಅಂಜಿನವ್ವನ ಮೇಲೂ ಸಿಟ್ಟು. ಏಳು ತಿಂಗಳು ದಿನಾ ನನಗೆ "ಚಾ ಆತೇನಪ್ಪ" ಎಂದು ಕೇಳುತ್ತ, ಎಲ್ಲ ಗೊತ್ತಿಟ್ಟುಕೊಂಡು! ಇಷ್ಟು ಬರೆದು ಪ್ರೆಸ್ಸಿಗೆ ಹೋದೆ. ಚುನಾವಣೆಯ ಕರಪತ್ರಗಳ ಕೆಲಸ ರಾಶಿ ಬಿದ್ದಿದೆ. ಎಲ್ಲರೂ ಎಲ್ಲವನ್ನೂ ಕೊಡುತ್ತಾರಂತೆ. ಹನ್ನೊಂದಕ್ಕೆ ಮಿಷನ್ ನಿಲ್ಲಿಸಿ ಮನೆಗೆ ಬಂದೆ.

"ನಂಗೆ ಬೇಡ" ಎಂದೆ.

ಅವಳು ಹೊಲಿಯುತ್ತಿದ್ದವಳು ನಿಲ್ಲಿಸಿದಳು. "ಯಾಕೆ?"

"ಆ ಬಕೆಟ್ಟು ನೋಡಿದ್ದೀನಿ ನಾನು. ಅವತ್ತು ನೀನು ಹೋದೆ ಅಂತಾನೇ ಅಂದ್ಕೊಂಡಿದ್ದೆ."

"ಬಕೆಟ್ಟು ನೀವು ನೋಡಿದ್ರಿ. ಅದರಾಗ ಇದ್ದಿದ್ದು ನಂದು."

ಮಿಷನ್ ಪಕ್ಕ ನೆಲದ ಮೇಲೆ ಕೂತೆ.

"ಹೆದರಿಕೆ ಇಲ್ವಾ ನಿಂಗೆ?" ಎಂದೆ.

"ಐತೆ. ಮಿಷನ್ ಸದ್ದು ನಿಂತ್ರೆ ಕೈ ಈಗಲೂ ಹೊಟ್ಟೆ ಮ್ಯಾಲೆ ಹೋಗ್ತೈತೆ. ಏನೂ ಅಲ್ಲಾಡ್ತಿಲ್ಲ ಅಂತ ಗಾಬರಿ ಆಗ್ತೈತೆ. ಆಮೇಲೆ ನೆನಪಾಗ್ತೈತೆ."

"ಮತ್ತೆ ಯಾಕೆ ಬೇಕು? ಅಮ್ಮೀ ಹೇಳಿದ್ರು ಅಂತಾನಾ? ಗಂಡು ಬೇಕು ಅಂತಾನಾ? ಅವಳ ಜಾಗ ತುಂಬ್ಲಿ ಅಂತಾನಾ?"

"ಜಾಗ ತುಂಬಾಕೆ ಅದೇನು ಬಸ್ ಸೀಟಾ?" ಎಂದಳು. "ನಂಗೆ ಬೇಕು. ಕಾರಣ ಇಲ್ಲ. ಹುಮಾ ಬೇಕು ಅಂದಾಗ ಕಾರಣ ಕೇಳಿದ್ರಾ?"

ಕೇಳಿರಲಿಲ್ಲ. ಯೋಚಿಸುತ್ತೇನೆ ಎಂದೆ.

"ಯೋಚ್ನೆ ಮಾಡ್ರಿ. ಈ ಸಲ ನಿಮ್ಮ ಬಾಯಿಂದಾನೇ ಬರ್ಲಿ."

ಅನ್ನ ಹೊತ್ತಿಹೋಗಿತ್ತು. ಇಬ್ಬರೂ ಅದನ್ನೇ ಉಂಡೆವು.

8 ಮೇ

ನಿನ್ನೆ ಮತದಾನ ಮುಗಿಯಿತು. ಊರ ಗೋಡೆಗಳ ಮೇಲೆ, ಚರಂಡಿಯೊಳಗೆ ನಾನೇ ಅಚ್ಚು ಹಾಕಿದ ಮುಖಗಳು ನಗುತ್ತಿವೆ. ಅವುಗಳ ಮೇಲೆ ಎಲೆ ಅಡಿಕೆಯ ಉಗುಳು. ಮತದಾರನ ನಿಜವಾದ ಅಭಿಪ್ರಾಯ ಅದೇ ಇರಬೇಕು.

ಚಾಪೆ ಒಳಗೆ ತಂದಿದ್ದೇನೆ. ಕಾರಣ: ಪಡಸಾಲೆಯಲ್ಲಿ ಸೊಳ್ಳೆ. ಈ ಮೇ ತಿಂಗಳ ಬೇಗೆಯಲ್ಲಿ ಒಳಗೆ ಹೇಗೆ ಮಲಗುತ್ತೀರಿ ಎಂದು ಮುಬಶ್ಶಿರಾ ಕೇಳಲಿಲ್ಲ. ಅದು ಅವಳ ದೊಡ್ಡತನ.

ಇವತ್ತು ಬೆಳಿಗ್ಗೆ ಅವಳಿಗೆ ಹೇಳಿದೆ. "ಹೆದರಿಕೆ ಹೋಗಿಲ್ಲ. ಹೋಗೋದೂ ಇಲ್ಲ. ಆದ್ರೆ ಬೇಡ ಅಂತ ಹೇಳಲ್ಲ."

"ಅಂದ್ರೆ ಬೇಕು ಅಂದಂಗಾ?"

"ಬೇಡ ಅಂತ ಹೇಳಲ್ಲ ಅಂದಂಗೆ."

"ಇದೂ ಡಾಕ್ಟರಮ್ಮನ ಮಾತೇ" ಎಂದಳು. "ನಂಗೂ ಹಿಂಗೇ ಅಂದಿದ್ರು. ನಿಮ್ಮದು ಹೇಳ್ರಿ."

ಬೀದಿಯಲ್ಲಿ ಯಾರೋ ಧ್ವನಿವರ್ಧಕ ಬಿಚ್ಚುತ್ತಿದ್ದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅವಳು ಎದ್ದು ಹೋಗಲಿಲ್ಲ.

"ಬೇಕು" ಎಂದೆ.

ಆಮೇಲೆ ಅವಳು ಒಲೆ ಒರೆಸಿದಳು. ಒರೆಸುತ್ತಲೇ, "ಹೆಸರು ಮಾತ್ರ ಹೊಸದು. ಶಹಜಾದಿ ಅನ್ನೋದು ಅವಳದು. ಅಮ್ಮೀಗೆ ನೀವೇ ಹೇಳ್ರಿ" ಎಂದಳು.

"ಅಮ್ಮೀ ಕರೆಯೋದು ತಮಗೆ ಬೇಕಾದ್ದನ್ನೇ."

"ಕರೀಲಿ ಬಿಡ್ರಿ. ಒಂದ್ಸಾರಿ ಯಾರಾದ್ರೂ ಅವಳನ್ನ ಕರೀಲಿ."

20 ಜೂನ್

ಮುಂದಿನದಕ್ಕೆ ಮೊದಲೇ ತೋರಿಸಿಕೊಳ್ಳಲು ಹೋದೆವು. ಆಸ್ಪತ್ರೆ ಹಾಗೇ ಇದೆ. ಮೆಟ್ಟಿಲ ಮೂಲೆಗಳಲ್ಲಿ ಅದೇ ಉಗುಳು, ಅದೇ ಫಿನಾಯಿಲ್, ಕೂರಲು ಅದೇ ಹರಿದ ರೆಕ್ಸಿನ್. ಮೂರು ತಾಸು ಕಾಯಿಸಿದರು.

ಡಾಕ್ಟರಮ್ಮ ತಪಾಸಣೆ ಮುಗಿಸಿ, ಮುಬಶ್ಶಿರಾ ಕೂತಿರುವಾಗಲೇ ನನ್ನ ಕಡೆ ತಿರುಗಿ, "ನೋಡಿ ಇವರೇ, ಮಿಸೆಸ್‌ಗೆ ಬಿಪಿ ಈಗ ನಾರ್ಮಲ್ ಇದೆ..." ಎಂದು ಶುರು ಮಾಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅಚ್ಚು ಕೆಟ್ಟದಾಗಿತ್ತು, ಕೆಂಪು ಬಣ್ಣ ಅಂಚು ಮೀರಿ ಹರಿದಿತ್ತು. ಅವರು ಮತ್ತೊಮ್ಮೆ, "ಇವರೇ, ಕೇಳಿಸ್ತಾ?" ಎಂದರು. ನಾನು ಕ್ಯಾಲೆಂಡರನ್ನೇ ನೋಡಿದೆ. ಕಡೆಗೆ ಬೇರೆ ದಾರಿಯಿಲ್ಲದೆ ಅವರು ಕುರ್ಚಿ ತಿರುಗಿಸಿ ಮುಬಶ್ಶಿರಾಳಿಗೆ ಹೇಳಿದರು.

ಅವಳು ಒಂದಾದ ಮೇಲೊಂದು ಕೇಳಿದಳು. ರಕ್ತ ಕಂಡರೆ ಎಷ್ಟು ಬೇಗ ಬರಬೇಕು? ಮಾತ್ರೆ ಯಾವಾಗಿನಿಂದ? ಮಿಷನ್ ತುಳಿಯಬಹುದಾ? ಹೋದ ಸಲ ಕಾಲು ಊದಿದಾಗಲೇ ಬಂದಿದ್ದರೆ ಮಗು ಉಳಿಯುತ್ತಿತ್ತಾ? ಕೊನೆಯದಕ್ಕೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಗೊತ್ತಿಲ್ಲಮ್ಮ. ಉಳಿಯಬಹುದಿತ್ತು, ಉಳೀದೇನೂ ಇರಬಹುದಿತ್ತು. ನಿಮ್ಮ ತಪ್ಪಂತೂ ಅಲ್ಲ" ಎಂದರು.

ಮುಬಶ್ಶಿರಾ ಒಂದು ವರ್ಷದಿಂದ ಈ ಪ್ರಶ್ನೆಯನ್ನು ಹೊತ್ತುಕೊಂಡಿದ್ದಳು ಎಂಬುದು ನನಗೆ ಇವತ್ತೇ ತಿಳಿದದ್ದು.

ಹೊರಗೆ ಬಂದ ಮೇಲೆ, "ಕಿವುಡರ ಹಂಗೆ ಯಾಕ ಕುಂತಿದ್ರಿ? ಡಾಕ್ಟರಮ್ಮ ಏನಂದ್ಕಂಡ್ರೋ" ಎಂದು ಬೈದಳು. ಕ್ಯಾಲೆಂಡರಿನ ಅಚ್ಚಿನ ಬಗ್ಗೆ ಹೇಳಿದೆ. ಈ ಊರಿನಲ್ಲಿ ಯಾರಿಗೂ ಬಣ್ಣ ಕೂರಿಸಲು ಬರುವುದಿಲ್ಲ.

14 ಸೆಪ್ಟೆಂಬರ್

ಬೆಳಿಗ್ಗೆ ಮುಬಶ್ಶಿರಾ ಬಚ್ಚಲು ಮುಟ್ಟುವ ಮೊದಲೇ ಪಡಸಾಲೆಯಲ್ಲಿ ಕಕ್ಕಿದಳು. ನಿನ್ನೆಯ ಅನ್ನ, ಹಳದಿ ನೀರು. ನೀರು ಹಾಕಿ ಪೊರಕೆಯಲ್ಲಿ ತಳ್ಳಿದೆ, ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ಹಿಂಡಿ ಇನ್ನೊಮ್ಮೆ ಒರೆಸಿದೆ. ಅವಳು ಗೋಡೆ ಹಿಡಿದು ಕೂತಿದ್ದಳು. ನಿಂಬೆಹಣ್ಣು ಕೊಯ್ದು ಮೂಗಿಗೆ ಹಿಡಿದೆ. ಬೇಡ ಎಂದು ತಲೆ ಆಡಿಸಿದಳು. ಬೆನ್ನು ನೀವುತ್ತಿದ್ದಾಗ ಮತ್ತೆ ಬಂತು, ಈ ಸಲ ನನ್ನ ತೋಳಿನ ಮೇಲೆ, ಅಂಗಿಯ ಮೇಲೆ.

"ಅಯ್ಯೋ" ಎಂದಳು.

"ಬರ್ಲಿ, ಬರ್ಲಿ" ಎಂದೆ.

ಅಂಜಿನವ್ವ ಕಟ್ಟೆಯಿಂದ, "ಏನಪ್ಪ ಹಿದಾಯತ್, ಬೆಳಿಗ್ಗೆ ಬೆಳಿಗ್ಗೆನೇ ಪಡಸಾಲೆ ತೊಳ್ಯಾಕತ್ತೀಯಲ್ಲ?" ಎಂದು ಕೇಳಿದಳು. ಧೂಳು ಎಂದೆ. ನಕ್ಕಳು.

ಡಾಕ್ಟರಮ್ಮ ಮಂಗಳವಾರ ಬರಲು ಹೇಳಿದ್ದಾರೆ, ಮುಬಶ್ಶಿರಾಳಿಗೆ ಫೋನಿನಲ್ಲಿ. ಅವಳು ನನಗೆ ಹೇಳಿದಳು. ಸ್ವಲ್ಪ ಹೊತ್ತಿನ ನಂತರ ಅರ್ಧ ಲೋಟ ಚಹಾ ಕುಡಿದಳು, ಅದು ಒಳಗೇ ನಿಂತಿತು. ಅಂಗಿ ಬದಲಾಯಿಸ್ರಿ, ವಾಸನೆ ಬರ್ತೈತೆ ಎಂದಳು. ಪ್ರೆಸ್ಸಿಗೆ ಹೊತ್ತಾಗಿತ್ತು. ಹಾಗೇ ಹೋದೆ.